ಹೋದವರ ಕಾರಿಗೆ ನನ್ನ ಮನಿ ವಿಳಾಸ ಯಾಕ?

ಮೊನ್ನೆ ಶುಕ್ರವಾರ ಕುಕ್ಕರಿನ್ಯಾಗ ಕಡ್ಲಿಬ್ಯಾಳಿ ಇಟ್ಟು ಬೆಲ್ಲಾ ಕುಟ್ಟಿಗೋತ ಕೂತಿದ್ದೆ. ಗೇಟಿನ ಮುಂದ ಪೋಸ್ಟಮನ್ ಹಾರ್ನ್ ಹೊಡದ. “ಅವ್ವಾರ, ಸಾಹೇಬ್ರ ಹೆಸರಲೆ ಮತ್ತೊಂದು ಬಂದದ ನೋಡ್ರಿ” ಅಂದ. ಕೈಯೆಲ್ಲಾ ಬೆಲ್ಲಾ ಆಗಿತ್ತು, ಸೆರಗಿಗೆ ಒರಸಿಗೊಂಡು ಹೋದೆ. ಲಕೋಟಿ ಮ್ಯಾಲೆ ಅವರ ಹೆಸರು, ಅದರ ಕೆಳಗ ನನ್ನ ಮನಿ ನಂಬರು, ನನ್ನ ಓಣಿ, ನನ್ನ ಪಿನ್ ಕೋಡು. ಕಾರಿನ ಇನ್ಶೂರನ್ಸ್ ಮುಗೀಲಿಕ್ಕೆ ಬಂದದ, ರಿನ್ಯೂ ಮಾಡಸ್ರಿ ಅಂತ ಲಕೋಟಿ ಮ್ಯಾಲೇನ ಛಾಪಿಸಿದ್ರು. ಆ ಕಾರು ನಮ್ಮ ಗೇಟು ದಾಟಿ ಹೋಗಿ ಆರು ವರ್ಷ ಆತು. ಅದರ ಕಾಗದ ಮಾತ್ರ ದಾರಿ ತಪ್ಪದ ನಮ್ಮ ಮನಿಗೇ ಬರತಾವ.

ಇದನ್ನ ಓದೋರೆಲ್ಲಾ ನಮ್ಮವರ. ವೈನಿಯವರು, ಕಾಕುಗೋಳು, ಅಕ್ಕನ ಮಕ್ಕಳು, ನಮ್ಮ ಓಣಿಯವರು. ನನ್ನ ಸಂಸಾರದ್ದು ಏನಾತು ಅಂತ ನಿಮಗೆಲ್ಲಾ ಗೊತ್ತದ, ನಾ ಮತ್ತ ಅದನ್ನ ತೆಗದು ಹರವೋದಿಲ್ಲ. ಇಪ್ಪತ್ತಾರು ವರ್ಷ ಕೂಡಿ ಇದ್ವಿ, 2019ರಾಗ ಅವರು ಬೆಂಗಳೂರಿಗೆ ಹೋದ್ರು, 2021ರಾಗ ಇಬ್ಬರೂ ಒಪ್ಪಿ ಕೋರ್ಟಿನ್ಯಾಗ ಬ್ಯಾರೆ ಆದ್ವಿ. ಮನಿ ನನ್ನ ಹೆಸರಿಗೆ ಆತು. ಅವರು ಕೆಟ್ಟವರು ಅಂತ ನಾ ಇಲ್ಲೆ ಬರೀಲಿಕ್ಕೆ ಕೂತಿಲ್ಲ. ನಾ ಬರೀಲಿಕ್ಕೆ ಕೂತಿದ್ದು ಈ ಲಕೋಟಿ ಬಗ್ಗೆ. ಯಾಕಂದ್ರ ಈ ಲಕೋಟಿ ಬಗ್ಗೆ ನೀವು ಒಬ್ಬೊಬ್ಬರು ನನಗ ಒಂದೊಂದು ಬುದ್ಧಿ ಹೇಳೀರಿ. ಎಲ್ಲಾನೂ ಕೇಳಿಕೊಂಡೇನಿ, ಒಂದೆರಡು ಪಾಲಸೇನಿ ಸೈತ. ಈಗ ನನ್ನ ಮಾತು ನೀವು ಕೇಳ್ರಿ.

ಮೊದಲ ಏನೇನು ಬರ್ತಾವ ಅಂತ ಹೇಳ್ತೀನಿ. ಕಾರು ತೊಗೊಂಡಿದ್ದು 2018ರಾಗ, ಏಳು ವರ್ಷದ ಸಾಲದ ಮ್ಯಾಲೆ. ರಜಿಸ್ಟ್ರೇಶನ್ ಆಗಬೇಕಾದ್ರ ಎಲ್ಲಿ ಇರ್ತೀರಿ ಅಂತ ಕೇಳ್ತಾರಲ್ಲ, ಅವಾಗ ಇದ್ದಿದ್ದು ಈ ಮನ್ಯಾಗ, ಹಿಂಗಾಗಿ ಆರ್.ಸಿ. ಮ್ಯಾಲೆ ಈ ಮನೀದ ವಿಳಾಸ. ಆರ್.ಸಿ. ಮ್ಯಾಲೆ ಏನದ ಅದನ್ನ ನೋಡಿ ಇನ್ಶೂರನ್ಸಿನವರು ಬರಕೊಂಡ್ರು, ಸಾಲ ಕೊಟ್ಟ ಬ್ಯಾಂಕಿನವರು ಬರಕೊಂಡ್ರು, ಸರ್ವಿಸ್ ಮಾಡೋ ಶೋರೂಮಿನವರೂ ಬರಕೊಂಡ್ರು. ಬೆಂಗಳೂರಾಗ ಅವರು ಸಿಗ್ನಲ್ ದಾಟಿದ್ರ ಕ್ಯಾಮರಾ ಫೋಟೋ ಹೊಡೀತದ, ದಂಡದ ನೋಟೀಸು ನಮ್ಮ ಮನಿಗೆ. ಕಂತು ತಪ್ಪಿದ್ರ ಬ್ಯಾಂಕಿನ ಕಾಗದ ನಮ್ಮ ಮನಿಗೆ. ದೀಪಾವಳಿಗೆ ಟೈರ್ ಮ್ಯಾಲೆ ರಿಯಾಯ್ತಿ ಅಂತ ಬಣ್ಣದ ಕಾಗದ, ಅದೂ ನಮ್ಮ ಮನಿಗೆ. ಕಾರಿನ ನಂಬರ್ ಕೆಎ 25 ಅಂದ್ರ ಧಾರವಾಡ. ಆ ಕಾರು ಎಲ್ಲೇ ಓಡ್ಯಾಡ್ಲಿ, ಅದರ ತವರುಮನಿ ನಮ್ಮ ಮನಿ ಅಂತ ಎಲ್ಲಾ ಆಫೀಸಿನವರೂ ನಂಬ್ಯಾರ.

ಈಗ ನೀವು ಹೇಳಿದ ಬುದ್ಧಿಮಾತಿಗೆ ಬರ್ತೀನಿ.

ನಮ್ಮ ಬಾಜೂ ಮನಿ ಕಾಕು ಹೇಳಿದ್ದು, “ಹರದು ಬಚ್ಚಲ ಒಲಿಗೆ ಹಾಕವಾ, ನೀರರ ಕಾಯ್ತಾವ.” ಕೇಳಿ ನಾನೂ ನಕ್ಕೆ. ಒಂದೆರಡು ಬಣ್ಣದ ಕಾಗದ ಒಲಿಗೆ ಹಾಕಿದೆ ಸೈತ. ಆದ್ರ ನೋಟೀಸು ಅಂದ್ರ ಟೈರಿನ ಜಾಹೀರಾತು ಅಲ್ಲ. ನಮ್ಮ ವಕೀಲ ಬಾಯಾರು ನನಗ ತಿಳಿಸಿ ಹೇಳಿದ್ರು. 1897ರದ್ದು ಜನರಲ್ ಕ್ಲಾಸಸ್ ಆಕ್ಟ್ ಅಂತ ಒಂದು ಹಳೇ ಕಾಯ್ದೆ ಅದ. ಅದರ 27ನೇ ಕಲಮಿನ ಪ್ರಕಾರ, ಸರಿಯಾದ ವಿಳಾಸ ಬರದು, ಟಿಕೀಟು ಹಚ್ಚಿ, ರಿಜಿಸ್ಟರ್ ಟಪಾಲಿನ್ಯಾಗ ಕಳಿಸಿದ ನೋಟೀಸು ಮುಟ್ಟೇದ ಅಂತನ ಹಿಡೀತಾರ. ಮುಟ್ಟಿಲ್ಲ ಅನ್ನೋರು ಮುಟ್ಟಿಲ್ಲ ಅಂತ ಸಾಧಿಸಿ ತೋರಿಸಬೇಕು. ಅಂದ್ರ ನಾ ಸಹಿ ಮಾಡಿ ಇಸಗೊಂಡು ಒಲಿಗೆ ಹಾಕಿದ್ರ, ಕಳಿಸಿದವರ ಲೆಕ್ಕದಾಗ ಅವರಿಗೆ ಮುಟ್ಟಿತು. ಇಸಗೊಂಡಾಕಿ ಯಾರು ಅಂದ್ರ ನಾನು, ಸಹಿ ನಂದು. ನಾಳೆ ‘ನಮ್ಮ ಕಾಗದಾ ಆಕೀನ ಮುಚ್ಚಿಟ್ಲು’ ಅನ್ನೋ ಮಾತು ಬಂದ್ರ ನನ್ನ ಸಹೀನ ನನ್ನ ಮ್ಯಾಲೆ ಸಾಕ್ಷಿ ಹೇಳ್ತದ. ಬ್ಯಾರೆಯವರ ಹೆಸರಿನ ಟಪಾಲು ಒಡದು ಓದೋದೂ ತಪ್ಪು, ಹರದು ಹಾಕೋದೂ ತಪ್ಪು. ಕಾಕು, ನೀವು ಪ್ರೀತಿಲೇ ಹೇಳೀರಿ, ಖರೇ. ಆದ್ರ ಆ ಬೆಂಕಿ ಮ್ಯಾಲೆ ಕಾಯೋ ನೀರು ನನ್ನ ತಲಿಗೇ ಬರ್ತದ.

ನನ್ನ ಮಗಾ ಹೇಳಿದ್ದು, “ಅಮ್ಮಾ, ಫೋಟೋ ಹೊಡದು ವಾಟ್ಸ್ಯಾಪ್ ಮಾಡು, ನಾ ಪಪ್ಪಾಗ ಕಳಸ್ತೀನಿ. ಒಂದು ನಿಮಿಷದ ಕೆಲಸ.” ಅಂವಗ ನಾವಿಬ್ಬರೂ ಬೇಕು, ಅಂವ ಹಂಗ ಹೇಳೋದು ಸಹಜ ಅದ. ಎರಡು ವರ್ಷ ನಾ ಹಂಗ ಮಾಡಿದೆ. ಲಕೋಟಿ ಇಸಗೊಳ್ಳೋದು, ಬೆಳಕಿನ್ಯಾಗ ಹಿಡಿಯೋದು, ಫೋಟೋ ಹೊಡಿಯೋದು, ಮಗಗ ಕಳಸೋದು, ಕಳಿಸಿದ್ನಿಲ್ಲೋ ಅಂತ ಅಂವಗ ನೆನಪ ಮಾಡೋದು, ಲಕೋಟಿ ಒಂದು ಬಿಸ್ಕೀಟ್ ಡಬ್ಬಿ ಒಳಗ ಜೋಪಾನ ಮಾಡಿ ಇಡೋದು. ಒಂದು ನಿಮಿಷದ ಕೆಲಸ ಅಂತೀರಿ. ಅದನ್ನ ಯಾರರ ಒಬ್ಬ ಗಂಡಸಿಗೆ ಹಚ್ಚಿ ನೋಡ್ರಿ, ತಿಂಗಳಿಗೆ ಪಗಾರ ಕೇಳ್ತಾನ. ಇಪ್ಪತ್ತಾರು ವರ್ಷ ಅವರ ಎಲ್‌ಐಸಿ ಕಂತು ಯಾವಾಗ, ಗ್ಯಾಸ್ ಪುಸ್ತಕ ಎಲ್ಲಿ, ಮನಿ ಪಟ್ಟಿ ಕಟ್ಟೋದು ಎಂದು ಅಂತ ಎಲ್ಲಾ ನನ್ನ ತಲ್ಯಾಗ ಇರ್ತಿತ್ತು. ಅದು ಸಂಸಾರ ಇತ್ತು, ಮಾಡಿದೆ, ನನಗ ಅದರ ಬ್ಯಾಸರ ಇಲ್ಲ. ಈಗ ಸಂಸಾರ ಮುಗದದ, ಆದ್ರ ಕಾರಕೂನಕಿ ಮಾತ್ರ ಮುಂದುವರದದ. ಕೋರ್ಟು ನನಗ ಹೆಂಡತಿತನದಿಂದ ಬಿಡುಗಡಿ ಮಾಡ್ತು, ಅವರ ಟಪಾಲಿನಿಂದ ಬಿಡುಗಡಿ ಮಾಡಲಿಲ್ಲ.

ಇನ್ನ ನನ್ನ ತಪ್ಪು ನಾನ ಹೇಳ್ತೀನಿ, ಬ್ಯಾರೆಯವರು ಹೇಳೋಕಿಂತ ಅದು ಛಲೋ. 2023ರ ಫೆಬ್ರುವರಿ ಒಳಗ ಸರ್ಕಾರದವರು ಟ್ರಾಫಿಕ್ ದಂಡದ ಬಾಕಿ ಅರ್ಧಾ ಕಟ್ಟಿದ್ರ ಸಾಕು, 11ನೇ ತಾರೀಖಿನ ತನಕ ಅವಕಾಶ ಅಂತ ರಿಯಾಯ್ತಿ ಕೊಟ್ಟಿದ್ರು. ನನ್ನ ಡಬ್ಯಾಗ ಅವರವು 3,500 ರೂಪಾಯಿದ್ದು ನೋಟೀಸು ಕೂತಿದ್ವು. ಕಾರಿನ ನಂಬರ್ ಹೇಳಿದ್ರ ಯಾರು ಬೇಕಾದವರು ಹೋಗಿ ಕಟ್ಟಬಹುದು. ನಾ ಕಡೇ ದಿನ ಹೋಗಿ ಪಾಳಿ ಹಚ್ಚಿ ನಿಂತು, 1,750 ರೂಪಾಯಿ ಕಟ್ಟಿ ಬಂದೆ. ಶ್ಯಾವಿಗಿ, ಹಪ್ಪಳಾ ಮಾಡಿ ಮಾರಿದ ರೊಕ್ಕ ಅದು. ಯಾರಿಗೂ ಹೇಳಲಿಲ್ಲ. ಅರ್ಧಕ್ಕ ಮುಗಿಯೋ ದಂಡ ಪೂರ್ತಿ ಯಾಕ ಆಗ್ಬೇಕು ಅಂತ ಅಂದುಕೊಂಡೆ. ಇದಾದ ಮ್ಯಾಲೆ ಟಪಾಲು ನಿಲ್ತದ ಅಂತನೂ ಅಂದುಕೊಂಡೆ. ಮನಿಗೆ ಬಂದು ಚಹಾ ಕುಡಕೋತ ಆ ಪಾವತಿ ನೋಡಿದೆ. ಖರೇ ಹೇಳ್ಬೇಕಂದ್ರ ನಾ ಟಪಾಲು ನಿಲ್ಲಿಸಲಿಕ್ಕೆ ಕಟ್ಟಿರಲಿಲ್ಲ. ಅವರ ಕೆಲಸ ಬಾಕಿ ಉಳೀತದ ಅನ್ನೋ ಹಳೇ ಹೆದರಿಕಿಗೆ ಕಟ್ಟಿದ್ದೆ. ಮಂಗ್ಯಾ ಮೊಸರು ತಿಂದು ಆಡಿನ ಬಾಯಿಗೆ ಒರಸ್ತು ಅಂತಾರ. ಇಲ್ಲೆ ಮಂಗ್ಯಾ ಒರಸಲೂ ಇಲ್ಲ, ಆಡು ತಾನಾಗೇ ಹೋಗಿ ಬಾಯಿಗೆ ಮೊಸರು ಹಚಗೊಂಡು ಬಂತು. ಎರಡು ತಿಂಗಳಿಗೆ ಮತ್ತೊಂದು ದಂಡದ ನೋಟೀಸು ಬಂತು.

ಈಗ ಮೂರನೇ ಬುದ್ಧಿಮಾತು. ಇದರ ಸಂಬಂಧನ ನಾ ಇಷ್ಟುದ್ದ ಬರೀಲಿಕ್ಕೆ ಹತ್ತೇನಿ. ನಮ್ಮ ವೈನಿಯವರು, ಮತ್ತ ಅವರೊಬ್ಬರ ಅಲ್ಲ, ನಿಮ್ಮೊಳಗ ನಾಕೈದು ಮಂದಿ ನನಗ ಹೇಳಿದ್ದು: “ಬರವಲ್ಯಾಕ ಬಿಡ, ಏನು ಆಗ್ತದ? ಒಬ್ಬಾಕಿನ ಇರ್ತಿ. ಟಪಾಲಿನ ಮ್ಯಾಲರ ಗಂಡಸಿನ ಹೆಸರು ಇರ್ಲಿ. ಪೋಸ್ಟಮನ್ ನೋಡ್ತಾನ, ಸಿಲಿಂಡರ್‌ದಂವ ನೋಡ್ತಾನ, ಮನ್ಯಾಗ ಗಂಡಸು ಇದ್ದಾನ ಅಂತ ತಿಳಕೋತಾರ. ಬಾಗಲಾಗ ಗಂಡಸಿನ ಚಪ್ಪಲಿ ಇಟ್ಟಂಗ.”

ಈ ಮಾತು ಕೇಳಿ ಆ ರಾತ್ರಿ ನನಗ ನಿದ್ದಿ ಬರಲಿಲ್ಲ. ಸಿಟ್ಟಿಗೆ ಅಲ್ಲ. ಒಂದು ಗಳಿಗಿ ನನಗೂ ಅದು ಖರೇ ಅನಸ್ತು, ಅದಕ್ಕ. ನಾನೂ ಒಂದು ಜೋಡಿ ಗಂಡಸಿನ ಚಪ್ಪಲಿ ಎರಡು ವರ್ಷ ಬಾಗಲಾಗ ಇಟ್ಟಿದ್ದೆ. ಮಳಿಗಾಲಕ್ಕ ಅದಕ್ಕ ಬೂಸರ ಹಿಡೀತಿತ್ತು, ನಾನ ತಿಕ್ಕಿ ತೊಳದು ಮತ್ತ ಅಲ್ಲೇ ಇಡ್ತಿದ್ದೆ.

ಆದ್ರ ವೈನಿ, ಚಪ್ಪಲಿ ಬ್ಯಾರೆ, ಲಕೋಟಿ ಬ್ಯಾರೆ. ಚಪ್ಪಲಿ ಇದ್ರ ಕಳ್ಳ ಒಂದು ಸಲ ವಿಚಾರ ಮಾಡಿಯಾನು. ಲಕೋಟಿ ಇದ್ರ ಸಾಲ ವಸೂಲಿ ಮಾಡೋರು ವಿಚಾರ ಮಾಡದ ಬರ್ತಾರ. ಹೋದ ವರ್ಷ ಶ್ರಾವಣದಾಗ ಏನಾತು ಅಂತ ನಿಮಗ ಅರ್ಧಾ ಗೊತ್ತದ, ಪೂರ್ತಿ ಕೇಳ್ರಿ. ರಾತ್ರಿ ಎಂಟೂವರಿ ಆಗಿತ್ತು. ಇಬ್ಬರು ಬೈಕ್ ಮ್ಯಾಲೆ ಬಂದು ಗೇಟು ಬಡದ್ರು. ಕಾರಿನ ನಂಬರ್ ಹೇಳಿ, “ಓನರ್ ಎಲ್ಲೆ ಇದ್ದಾರ? ಕಂತು ಬಾಕಿ ಅದ, ಹೊರಗ ಕರೀರಿ” ಅಂದ್ರು. ಇಲ್ಲೆ ಇರೂದಿಲ್ಲ ಅಂದೆ. “ವಿಳಾಸ ಇದೇ ಅದಲ್ಲಾ” ಅಂತ ಒಬ್ಬಾಂವ ಮೊಬೈಲ್ ನನ್ನ ಮಾರಿಗೆ ಹಿಡದ. “ನೀವು ಅವರ ಮಿಸೆಸ್ ಹೌದಲ್ಲೋ?” ಅಂದ. ಓಣ್ಯಾಗ ನಾಕು ಮನೀ ಕಿಡಕಿ ತೆರದ್ವು. ನಾ ಆ ನಾಕು ಕಿಡಕಿ ಮುಂದ ನಿಂತು, ನಾ ಅವರ ಹೆಂಡತಿ ಅಲ್ಲ, ನಮದು ಡೈವೋರ್ಸ್ ಆಗೇದ ಅಂತ ಗಟ್ಟ್ಯಾಗಿ ಹೇಳಬೇಕಾತು. ಕೋರ್ಟಿನ್ಯಾಗ ಒಮ್ಮೆ ಹೇಳಿದ್ದೆ, ಓಣ್ಯಾಗ ಮತ್ತೊಮ್ಮೆ ಹೇಳಿದೆ. ಲಕೋಟಿ ಮ್ಯಾಲಿನ ಗಂಡಸಿನ ಹೆಸರು ಅವತ್ತ ನನ್ನ ಕಾಯಲಿಲ್ಲ. ಆ ಇಬ್ಬರನ್ನ ನನ್ನ ಗೇಟಿಗೆ ಕರಕೊಂಡು ಬಂದಿದ್ದೇ ಆ ಹೆಸರು.

ಆಮ್ಯಾಲೆ ನಾ ತಿಳಕೊಂಡಿದ್ದು, ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲ ವಸೂಲಿ ಮಾಡೋರು ಮುಂಜಾನೆ 8ರ ಒಳಗ, ಸಂಜಿ 7ರ ಮ್ಯಾಲೆ ತ್ರಾಸ ಕೊಡೋಹಂಗಿಲ್ಲ. 2022ರ ಆಗಸ್ಟ್ ಒಳಗ ಅದನ್ನ ಮತ್ತೊಮ್ಮೆ ಬರದು ಎಲ್ಲಾ ಬ್ಯಾಂಕಿಗೂ ಕಳಿಸ್ಯಾರ. ಗುರ್ತಿನ ಕಾರ್ಡು, ಬ್ಯಾಂಕಿನ ಅಧಿಕಾರ ಪತ್ರ ತೋರಸ್ರಿ ಅಂತ ನಾವು ಕೇಳಬಹುದು. ನನಗ ಅವತ್ತ ಇದ್ಯಾವುದೂ ಗೊತ್ತಿರಲಿಲ್ಲ. ನಿಮಗ ಗೊತ್ತಿರಲಿ.

ಇನ್ನ, ಮನಿಗೆ ಗಂಡಸಿನ ಹೆಸರು ಬೇಕು ಅಂತೀರಲ್ಲ, ಒಂದು ಮಾತು ಕೇಳ್ತೀನಿ. ನಿಮ್ಮ ನಿಮ್ಮ ರೇಶನ್ ಕಾರ್ಡ್ ತೆಗದು ನೋಡ್ರಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಶನ್ ಕಾರ್ಡಿನ ಲೆಕ್ಕಕ್ಕ ಮನಿ ಯಜಮಾನಿ ಅಂದ್ರ ಆ ಮನಿ ಹಿರೇ ಹೆಣಮಗಳು. 2023ರಿಂದ ಗೃಹಲಕ್ಷ್ಮಿ ಅಂತ ತಿಂಗಳಿಗೆ 2,000 ರೂಪಾಯಿ ಕೊಡೋದೂ ಯಜಮಾನಿ ಖಾತೆಗೆ. ಅರ್ಜಿ ಹಾಕೋ ಮುಂದ ಪಾಳಿ ಒಳಗ ನಿಂತು ‘ನಾನ ನಮ್ಮ ಮನಿ ಯಜಮಾನಿ’ ಅಂತ ಹೆಬ್ಬಟ್ಟು ಒತ್ತಿ ಬಂದವರು, ನನ್ನ ಮನಿಗೆ ಬಂದು ಗಂಡಸಿನ ಹೆಸರು ಇರ್ಲಿ ಅಂತೀರಿ. ರೊಕ್ಕ ಇಸಗೊಳ್ಳೋ ಮುಂದ ಯಜಮಾನಿ, ಟಪಾಲು ಇಸಗೊಳ್ಳೋ ಮುಂದ ಯಾರೂ ಅಲ್ಲಾ ಅಂದ್ರ ಹೆಂಗ? ನನ್ನ ಮನಿ ಕರೆಂಟ್ ಬಿಲ್ಲು ನನ್ನ ಹೆಸರಲೆ ಬರ್ತದ, ನೀರಿನ ಬಿಲ್ಲು ನನ್ನ ಹೆಸರಲೆ ಬರ್ತದ, ಮನಿ ಪಟ್ಟಿ ನಾ ಕಟ್ಟತೀನಿ. ಈ ವಿಳಾಸ ನಂದು. ಇದರ ಮ್ಯಾಲೆ ಯಾರ ಕಾರು ನಿಲ್ಲಬೇಕು ಅನ್ನೋದು ನಾ ಹೇಳಬೇಕು.

ಒಂದಿಬ್ಬರು ಹೇಳ್ತೀರಿ, “ಆದ್ರೂ ಸಣ್ಣ ವಿಷಯಕ್ಕ ಇಷ್ಟು ಹಟ ಯಾಕವಾ?” ಸಣ್ಣದು ಅಂದ್ರ ಕಾಯ್ದೆ ಅದನ್ನ ಯಾಕ ಬರದಿಟ್ಟದ? 1988ರ ಮೋಟಾರು ವಾಹನ ಕಾಯ್ದೆ 49ನೇ ಕಲಮು ಏನು ಹೇಳ್ತದ ಅಂದ್ರ, ಗಾಡಿ ಮಾಲಕ ಮನಿ ಬದಲಿ ಮಾಡಿದ್ರ 30 ದಿವಸದ ಒಳಗ ಹೊಸಾ ವಿಳಾಸ ರಜಿಸ್ಟ್ರೇಶನ್ ಆಫೀಸಿಗೆ ತಿಳಿಸಬೇಕು. ಅದಕ್ಕ ಫಾರ್ಮ್ 33 ಅಂತ ಒಂದು ಅರ್ಜಿ ಅದ. ಈಗ ಪರಿವಾಹನ್ ವೆಬ್‌ಸೈಟಿನ್ಯಾಗ ಮನ್ಯಾಗ ಕೂತ ಅರ್ಜಿ ಹಾಕಬಹುದು. 30 ದಿವಸದ ಕೆಲಸಕ್ಕ ಆರು ವರ್ಷ ಆಗೇದ. ಅವರಿಗೆ ಮರತದ ಅಂತ ನಾ ನಂಬೋದಿಲ್ಲ. ಬದಲಿ ಮಾಡೋ ಗರಜು ಬಿದ್ದಿಲ್ಲ, ಅಷ್ಟ. ಯಾಕ ಬೀಳ್ತದ? ಟಪಾಲು ಇಸಗೊಳ್ಳಲಿಕ್ಕೆ ಒಬ್ಬಾಕಿ ಇದ್ದಾಳ, ಫೋಟೋ ಹೊಡದು ಕಳಸ್ತಾಳ, ಒಮ್ಮೆ ದಂಡಾನೂ ಕಟ್ಟಿ ಬಂದಾಳ. ಇಷ್ಟು ಅನುಕೂಲ ಇದ್ರ ನಾ ಆದ್ರೂ ಬದಲಿ ಮಾಡತಿದ್ದೆನೋ ಇಲ್ಲೋ.

ನಾನೂ ಆಫೀಸಿಗೆ ಹೋಗಿ ಕೇಳಿದೆ, ಆ ಗಾಡಿ ಮ್ಯಾಲಿನ ನನ್ನ ಮನಿ ವಿಳಾಸ ತೆಗೀರಿ ಅಂತ. ಅಲ್ಲಿನ ಕಾರಕೂನರು ಸಮಾಧಾನದಿಂದನ ಹೇಳಿದ್ರು, “ಅವ್ವಾರ, ಗಾಡಿ ಯಾರ ಹೆಸರಲೆ ಅದ ಅವರ ಬರಬೇಕು. ನಿಮ್ಮ ಕೈಯಿಂದ ಆಗೂದಿಲ್ಲ.” ಅದು ನ್ಯಾಯನ ಅದ. ಇಲ್ಲಾಂದ್ರ ಯಾರು ಬೇಕಾದವರು ಯಾರ ಗಾಡಿ ವಿಳಾಸನೂ ಬದಲಿ ಮಾಡ್ಯಾರು. ಆದ್ರ ನೋಡ್ರಿ, ವಿಳಾಸ ನಂದು, ತ್ರಾಸು ನಂದು, ತೆಗಿಯೋ ಅಧಿಕಾರ ಮಾತ್ರ ಅವರದು. ಅದಕ್ಕ ಅವರು ತೆಗೀಲಿಕ್ಕೇ ಬೇಕು ಅಂತೀನಿ. ನನಗ ಸಾಧ್ಯ ಇದ್ರ ಒಂದು ಮಾತೂ ಆಡದ ನಾನ ತೆಗದು ಬರ್ತಿದ್ದೆ.

ಇಲ್ಲೆ ಇನ್ನೊಂದು ಹೇಳಲೇಬೇಕು, ಯಾಕಂದ್ರ ನನ್ನದು ಹಗರು ಕೇಸು. ನಮ್ಮ ಪೈಕಿಯೊಳಗ ಒಬ್ಬಾಕಿ ಹುಡುಗಿ ಇದ್ದಾಳ, ಹೆಸರು ಹೇಳೋದಿಲ್ಲ, ನಿಮಗ ಗೊತ್ತಾದ್ರ ನಿಮ್ಮ ಹೊಟ್ಯಾಗ ಇಟಗೋರಿ. ಲಗ್ನದಾಗ ತಂದಿ ಕಾರು ಕೊಟ್ಟಿದ್ರು, ಮಗಳ ಹೆಸರಲೆ. ಈಗ ಆಕಿ ತವರಿಗೆ ಬಂದಾಳ, ಕಾರು ಅಂವನ ಹತ್ರ ಅದ. “ಹೋದ ಕಾರು ಹೋಗ್ಲಿ, ಕೇಳಲಿಕ್ಕೆ ಹೋಗಬ್ಯಾಡ” ಅಂತ ಮನೀಯವರೆಲ್ಲಾ ಆಕಿ ಬಾಯಿ ಮುಚ್ಚಿಸ್ಯಾರ. ಕಾರು ಹೋಗ್ಯದ ಅಂತ ಅವರು ತಿಳಕೊಂಡಾರ. ಕಾಗದದ ಮ್ಯಾಲೆ ಅದು ಇನ್ನೂ ಆಕೀದ. 2018ರಾಗ ಸುಪ್ರೀಂ ಕೋರ್ಟು ನವೀನ್ ಕುಮಾರ್, ವಿಜಯ್ ಕುಮಾರ್ ಅನ್ನೋ ಪ್ರಕರಣದಾಗ ಸ್ಪಷ್ಟ ಹೇಳೇದ. ಅಲ್ಲೆ ಕಾರು ಮಾರಿ, ಕೈಯಿಂದ ಕೈಗೆ ದಾಟಿ ಹೋಗಿತ್ತು. ಆದ್ರ ಆರ್.ಸಿ. ಒಳಗ ಹೆಸರು ಬದಲಿ ಆಗಿರಲಿಲ್ಲ. ಅಪಘಾತ ಆದಾಗ ಪರಿಹಾರದ ಹೊಣಿ ಆರ್.ಸಿ. ಮ್ಯಾಲೆ ಹೆಸರು ಇದ್ದ ಮಾಲಕನ ತಲಿಗೆ ಬಂತು. ಅಂದ್ರ ನಾಳೆ ಆ ಕಾರು ಯಾರಿಗರ ಬಡದ್ರ, ಅದರ ಇನ್ಶೂರನ್ಸ್ ತೀರಿತ್ತು ಅಂದ್ರ, ಕೋರ್ಟು ಹುಡುಕೋದು ಆ ಹುಡುಗೀನ್ನ. ಸ್ಟೇರಿಂಗ್ ಯಾರ ಕೈಯಾಗ ಇತ್ತು ಅಂತ ಅಷ್ಟ ಕೇಳಿ ಬಿಡೋದಿಲ್ಲ.

ಆಕಿಗೆ ನಾ ಹೇಳಿದ್ದು ಇಷ್ಟ. ಒಂದು ಕಾರು ವಾಪಸ್ ತೊಗೊ. ಇಲ್ಲಾ ಅಂವನ ಹೆಸರಿಗೆ ಮಾಡಿಕೊಡು, ಫಾರ್ಮ್ 29, ಫಾರ್ಮ್ 30 ಎರಡೂ ಬೇಕು. ಸಾಲ ಇದ್ರ ಮೊದಲ ಬ್ಯಾಂಕಿನವರ ಒಪ್ಪಿಗಿ ಬೇಕು. ಕಾರು ಅಂವಗ, ಕಾಗದ ನಿನಗ ಅನ್ನೋ ಹಂಚಿಕಿ ಮಾತ್ರ ಒಪಗೋಬ್ಯಾಡ. ದೊಡ್ಡವರು ಬೈತಾರ, ಬೈಲಿ. ಬೈದವರು ನಾಳೆ ಕೋರ್ಟಿಗೆ ಬಂದು ನಿಂದರೋದಿಲ್ಲ.

ಈಗ ನಾ ಏನೇನು ಮಾಡಿದೆ ಅಂತ ಹೇಳಿ ಮುಗಸ್ತೀನಿ. ನಿಮಗ್ಯಾರಿಗರ ಉಪಯೋಗ ಆದ್ರ ಆಗ್ಲಿ.

ಆ ಇಬ್ಬರು ಬಂದು ಹೋದ ಮರುದಿನ ಬ್ಯಾಂಕಿಗೆ ಒಂದು ಅರ್ಜಿ ಬರದೆ, ಕನ್ನಡದಾಗನ. ಈ ವ್ಯಕ್ತಿ ಈ ಮನ್ಯಾಗ ಇರೋದಿಲ್ಲ, 2021ರಾಗ ಕೋರ್ಟಿನ ಡಿಕ್ರಿ ಆಗೇದ, ಈ ಸಾಲಕ್ಕ ನಾ ಸಹಿ ಮಾಡಿಲ್ಲ, ಜಾಮೀನೂ ನಿಂತಿಲ್ಲ, ಇನ್ನ ಮ್ಯಾಲೆ ನನ್ನ ಮನಿಗೆ ಯಾರನ್ನೂ ಕಳಸಬ್ಯಾಡ್ರಿ ಅಂತ. ಕೊಡೋಕಿಂತ ಮೊದಲ ಖರೇನ ಜಾಮೀನು ನಿಂತಿಲ್ಲ ಅಂತ ಹಳೇ ಕಾಗದ ಎಲ್ಲಾ ತೆಗದು ನೋಡಿದೆ. ನೀವೂ ಮೊದಲ ಇದನ್ನ ನೋಡ್ರಿ. ಯಾಕಂದ್ರ ಜಾಮೀನು ನಿಂತವರ ಹೊಣಿ ಸಾಲ ತೊಗೊಂಡವರ ಹೊಣಿಯಷ್ಟ ಇರ್ತದ, ಡೈವೋರ್ಸ್ ಆದ್ರೂ ಅದು ತಾನಾಗೇ ಕಳಚಿ ಬೀಳೋದಿಲ್ಲ. ಅರ್ಜಿದು ಎರಡು ಪ್ರತಿ ಮಾಡಿ, ಒಂದರ ಮ್ಯಾಲೆ ಬ್ಯಾಂಕಿನ ಶಿಕ್ಕಾ ಹಾಕಿಸಿಕೊಂಡು ಬಂದೆ. ಇನ್ಶೂರನ್ಸಿನವರಿಗೆ ಒಂದು, ಶೋರೂಮಿಗೆ ಒಂದು, ರಜಿಸ್ಟ್ರೇಶನ್ ಆಫೀಸಿಗೆ ಒಂದು ಕೊಟ್ಟೆ. ಆಫೀಸಿನವರು ವಿಳಾಸ ತೆಗೀಲಿಕ್ಕೆ ಬರೂದಿಲ್ಲ ಅಂದ್ರೂ ಅರ್ಜಿ ಇಸಗೊಂಡು ಶಿಕ್ಕಾ ಹಾಕಿ ಕೊಟ್ರು. ನಾ ಸುಮ್ನ ಕೂತಿದ್ದಿಲ್ಲ ಅನ್ನಲಿಕ್ಕೆ ಅದರ ಸಾಕ್ಷಿ ಆತು.

ಟಪಾಲಿಗೆ ಸಹಿ ಮಾಡೋದು ಬಿಟ್ಟೆ. ಪೋಸ್ಟಮನ್‌ಗೆ ಹೇಳಿದೆ, ಈ ಹೆಸರಿನವರು ಇಲ್ಲೆ ಇಲ್ಲ, ಮನಿ ಬಿಟ್ಟು ಹೋಗ್ಯಾರ ಅಂತ ಬರದು ವಾಪಸ್ ಕಳಿಸಪಾ ಅಂತ. ‘ನಾ ಇಸಗೊಳ್ಳೋದಿಲ್ಲ’ ಅನ್ನೋದು ಬ್ಯಾರೆ, ‘ಅವರು ಇಲ್ಲೆ ಇರೋದಿಲ್ಲ’ ಅನ್ನೋದು ಬ್ಯಾರೆ, ಇದನ್ನ ಧ್ಯಾನದಾಗ ಇಟಗೋರಿ. ಮೊದಲನೇದು ಬರದ್ರ ಮನ್ಯಾಗ ಇದ್ದೂ ಬ್ಯಾಡ ಅಂದ್ರು ಅಂತ ಅರ್ಥ. ಎರಡನೇದು ಬರದ್ರ ಕಳಿಸಿದವರಿಗೆ ತಮ್ಮ ವಿಳಾಸ ತಪ್ಪದ ಅಂತ ತಿಳೀತದ.

ಕಡೀಕ ಅವರಿಗೇ ಒಂದು ಪತ್ರ ಬರದೆ. ಆರು ವರ್ಷದಾಗ ಮೊದಲನೇದು. ಬೈದಿಲ್ಲ, ಹಳೇ ಮಾತು ತೆಗದಿಲ್ಲ. ಕಾರಿನ ವಿಳಾಸ 30 ದಿವಸದ ಒಳಗ ಬದಲಿ ಮಾಡಸ್ರಿ, ಬ್ಯಾಂಕಿಗೆ, ಇನ್ಶೂರನ್ಸಿಗೆ ಹೊಸಾ ವಿಳಾಸ ಕೊಡ್ರಿ, ಇಷ್ಟ. ಹತ್ತು ದಿನಕ್ಕ ಫೋನು ಬಂತು. “ಇಷ್ಟಕ್ಕ ವಕೀಲರ ಧಾಟಿಯೊಳಗ ಪತ್ರ ಬರೀಬೇಕಾ? ಅದು ನಂದೂ ಮನಿ ಆಗಿತ್ತಲ್ಲಾ” ಅಂದ್ರು.

ನಾ ಸ್ವಲ್ಪ ಹೊತ್ತು ಸುಮ್ನಿದ್ದೆ. ಆ ಮನಿಗೆ ಪಾಯಾ ತೋಡೋ ಮುಂದ ಇಬ್ಬರೂ ಕೂಡಿ ಪೂಜಾಕ್ಕ ಕೂತಿದ್ವಿ, ಅದು ನೆನಪಾತು. “ಆಗಿತ್ತು” ಅಂದೆ. “ಅದಕ್ಕ ಹೇಳ್ಲಿಕ್ಹತ್ತೇನಿ.”

ಬದಲಿ ಮಾಡಸ್ತೀನಿ ಅಂದಾರ. ಇನ್ನೂ ಮಾಡಿಸಿಲ್ಲ ಅಂತ ಮೊನ್ನೆ ಶುಕ್ರವಾರದ ಲಕೋಟಿ ಹೇಳ್ತು. 2025ರ ಆಗಸ್ಟ್ 23ರಿಂದ ಸಪ್ಟಂಬರ್ 12ರ ತನಕ ಸರ್ಕಾರದವರು ಮತ್ತ ಅರ್ಧಾ ದಂಡದ ರಿಯಾಯ್ತಿ ಕೊಟ್ಟಿದ್ರು. ಆ ಹದಿನೈದಿಪ್ಪತ್ತು ದಿನ ನನಗ ಒಳಗ ಚಡಪಡಿಕಿ ಇತ್ತು, ಸುಳ್ಳು ಯಾಕ ಹೇಳ್ಲಿ. ಆದ್ರ ಈ ಸಲ ನಾ ಪಾಳಿ ಹಚ್ಚಲಿಕ್ಕೆ ಹೋಗಲಿಲ್ಲ. ಆ ರೊಕ್ಕದ್ದು ಗೇಟಿಗೆ ಒಂದು ಹೆಸರಿನ ಫಲಕ ಮಾಡಿಸಿದೆ, ನನ್ನ ಹೆಸರಿಂದು. ಚಪ್ಪಲಿ ಜೋಡಿ ಕಸದ ಗಾಡ್ಯಾಂವಗ ಕೊಟ್ಟೆ, ಹಾಕ್ಕೋತೀನ್ರಿ ಅವ್ವಾರ ಅಂತ ತೊಗೊಂಡು ಹೋದ.

ಇನ್ನ ನಿಮಗ ನನ್ನ ಮಾತು ಒಂದ. ನಮ್ಮ ಮನಿತನದಾಗ ಮುಂದ ಯಾವ ಹೆಣಮಗಳಿಗೂ ಬ್ಯಾರೆ ಆಗೋ ಪಾಳಿ ಬರಬಾರದು. ಬಂತು ಅಂದ್ರ ಒಪ್ಪಂದ ಬರಿಯೋ ಮುಂದ ನೀವು ದೊಡ್ಡವರೆಲ್ಲಾ ಸುತ್ತ ಕೂತಿರ್ತೀರಿ. ನನ್ನ ಒಪ್ಪಂದದಾಗ ತಾಮ್ರದ ಹಂಡೇದಿಂದ ಹಿಡದು ಬೆಳ್ಳಿ ಕುಂಕುಮಭರಣಿ ತನಕ ಎಲ್ಲಾ ಯಾರ್ಯಾರಿಗೆ ಅಂತ ಬರಸಿದ್ರಿ. ಕಾರು ಅವರಿಗೆ ಅಂತನೂ ಬರಸಿದ್ರಿ. ಕಾರಿನ ವಿಳಾಸ ಯಾವಾಗ ಬದಲಿ ಆಗಬೇಕು ಅಂತ ಒಂದು ಸಾಲು ಯಾರಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ಆ ಒಂದು ಸಾಲು ಬರಸ್ರಿ. ಗಾಡಿ ಯಾರ ಹೆಸರಿಗೆ, ಸಾಲ ಯಾರ ತಲಿಗೆ, ವಿಳಾಸ ಎಷ್ಟು ದಿನದಾಗ ಬದಲಿ, ಜಾಮೀನು ಇದ್ರ ಅದನ್ನ ಬಿಡಿಸೋದು ಯಾರು, ಎಲ್ಲಾ ಬರಸ್ರಿ. ಮತ್ತ ಆಕಿ ತನ್ನ ಬಾಗಲಿಗೆ ಬಂದ ಲಕೋಟಿ ವಾಪಸ್ ಕಳಿಸಿದ್ಲು ಅಂದ್ರ, ಹಟಮಾರಿ ಅನಬ್ಯಾಡ್ರಿ.

ಶುಕ್ರವಾರದ ಲಕೋಟಿ ನಾ ಇಸಗೊಳ್ಳಲಿಲ್ಲ. “ವಾಪಸ್ ಬರಕೋಪಾ” ಅಂದೆ. ಹಬ್ಬಕ್ಕ ರಜಾ ಮ್ಯಾಲೆ ಹೋಗಿದ್ದ ಹಳೇ ಪೋಸ್ಟಮನ್ ಬದಲಿ ಬಂದಾಂವ ಇಂವ, ಇಂವಗ ಗೊತ್ತಿರಲಿಲ್ಲ. ಫಲಕ ನೋಡಿದ, ಲಕೋಟಿ ನೋಡಿದ, ಕಿಸೇದಿಂದ ಪೆನ್ನು ತೆಗದ. ಅಷ್ಟ್ರಾಗ ಒಳಗ ಕುಕ್ಕರ್ ಮೂರನೇ ಸೀಟಿ ಹೊಡೀತು, ಬ್ಯಾಳಿ ಹಣ್ಣಾಗಿ ಹೋಗ್ತದ ಅಂತ ನಾ ಒಳಗ ಓಡಿದೆ.